ಒಳಗಿನ ಸಾಕ್ಷಿ, ಹೊರಗಿನ ಸಾಕ್ಷಿ

ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು. ಒಬ್ಬರು ಹನೂರು ತಾಲ್ಲೂಕಿನ ಬಂಡಳ್ಳಿಯಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದು, ನಿವೃತ್ತಿಯ ತರುವಾಯವೂ ಪುಸ್ತಕದ ನಂಟನ್ನು ಬಿಡದೆ ಅಲ್ಲಿಯೇ ನೆಲೆಸಿರುವ ಹಿರಿಯರು. ಮತ್ತೊಬ್ಬನು ಅವರಲ್ಲಿಯೇ ಅಕ್ಷರ ಕಲಿತು, ಈಗ ಮನೆಯ ಹಿಪ್ಪುನೇರಳೆ ತೋಟವನ್ನೂ ರೇಷ್ಮೆ ಹುಳುವಿನ ಸಾಕಣೆಯನ್ನೂ ನೋಡಿಕೊಳ್ಳುತ್ತಿರುವ ತರುಣ. ಅವನನ್ನು ಬಾಲ್ಯದಿಂದ ಕಾಡುತ್ತಿರುವ, ಆದರೆ ಅವನು ಇದುವರೆಗೆ ಯಾರೊಡನೆಯೂ ಪೂರ್ತಿಯಾಗಿ ಹೇಳಿಕೊಳ್ಳದ ಒಂದು ಬಾಧೆಯೇ ಇಲ್ಲಿಯ ವಿಷಯ.

ತರುಣ: ಮೇಷ್ಟ್ರೇ, ಕಾಲು ಮುರಿದವನಿಗೆ ಬಸ್ಸಿನಲ್ಲಿ ಜಾಗ ಬಿಡುತ್ತಾರೆ, ಜ್ವರ ಬಂದವನ ಹಣೆಯನ್ನು ಮುಟ್ಟಿ ನೋಡಿದವರು ಸುಡುತ್ತಿದೆಯೆಂದು ಒಪ್ಪುತ್ತಾರೆ. ಆದರೆ ಕೆಲವು ನಿಮಿಷಗಳ ಕಾಲ ಇಂದ್ರಿಯಗಳೆಲ್ಲ ಒಮ್ಮೆಗೇ ಮೇಲೆ ಮುಗಿಬಿದ್ದು, ತಾನು ಯಾರು, ಎಲ್ಲಿದ್ದೇನೆ ಎಂಬ ಎಚ್ಚರವೇ ಅಲುಗಿಹೋಗಿ, ಅನಂತರ ಎಂದಿನಂತೆ ಎದ್ದು ಸೊಪ್ಪು ಕೊಯ್ಯಲು ಹೊರಟವನ ಮಾತನ್ನು ಯಾರು ನಂಬಿಯಾರು? ಇದು ರೋಗವೇ, ಭ್ರಮೆಯೇ, ನನ್ನ ಸ್ವಭಾವದ ದೌರ್ಬಲ್ಯವೇ ಎಂಬುದು ನನಗೇ ತಿಳಿಯದಾಗಿದೆ.

ಹಿರಿಯರು: ಆ ತೀರ್ಪನ್ನು ಸ್ವಲ್ಪ ಹೊತ್ತು ಬದಿಗಿಡಪ್ಪ. ತೀರ್ಪಿಗೆ ಮೊದಲು ಸಾಕ್ಷ್ಯ ಬೇಕು. ನಮ್ಮ ಊರುಗಳಲ್ಲಿ ಇಂಥ ಸಂಕಟಕ್ಕೆ ಆಗುವ ಮೊದಲನೆಯ ಅನ್ಯಾಯವೆಂದರೆ, ಅದನ್ನು ಅನುಭವಿಸಿದವನು ಬಾಯಿ ತೆರೆಯುವ ಮುನ್ನವೇ ಒಬ್ಬರು ಗಾಳಿಯೆಂದೂ, ಇನ್ನೊಬ್ಬರು ನಟನೆಯೆಂದೂ, ಮತ್ತೊಬ್ಬರು ಹುಚ್ಚೆಂದೂ ನಿರ್ಧರಿಸಿಬಿಡುವುದು. ಏನಾಗುತ್ತದೆ, ಯಾವಾಗ ಆಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಇಷ್ಟನ್ನು ಹೇಳು. ಏಕೆ ಎಂಬುದನ್ನು ಈಗ ಹೇಳಬೇಕಾಗಿಲ್ಲ.

ತರುಣ: ಆಗುವುದು ಬಚ್ಚಲಿನಲ್ಲಿ, ತಲೆಗೆ ನೀರು ಹಾಕಿಕೊಳ್ಳುವ ದಿನ. ಹಂಡೆಯ ನೀರು ಚೆನ್ನಾಗಿ ಕಾದಿರುತ್ತದೆ. ಸೀಗೆಪುಡಿ ಹಚ್ಚಿ ಉಜ್ಜಿ, ಚೊಂಬಿನ ಮೇಲೆ ಚೊಂಬು ಬಿಡುವಿಲ್ಲದೆ ಹಾಕಿದಂತೆ, ನೆತ್ತಿಯ ಮೇಲೆ ಬೀಳುವ ನೀರಿನ ಸದ್ದು ಹೊರಗೆ ಬೀಳುತ್ತಿದೆಯೋ ತಲೆಯೊಳಗೇ ಬೀಳುತ್ತಿದೆಯೋ ತಿಳಿಯದಂತಾಗುತ್ತದೆ. ಒಲೆಯ ಬೆಂಕಿಯ ಬೆಳಕು ಕಣ್ಣಿಗೆ ಚುಚ್ಚುತ್ತದೆ. ಹೊಗೆಯ ವಾಸನೆ, ಸೀಗೆಯ ಘಾಟು, ಬೆನ್ನ ಮೇಲೆ ಹರಿಯುವ ಬಿಸಿ, ಇವು ಬೇರೆ ಬೇರೆಯಾಗಿ ಉಳಿಯದೆ ಒಂದೇ ಭಾರವಾಗಿ ಒತ್ತುತ್ತವೆ. ಕಾರಣವಿಲ್ಲದ ಒಂದು ಭಯ ಹೊಟ್ಟೆಯಿಂದ ಮೇಲೇರುತ್ತದೆ. ಅವ್ವ ಕರೆದರೆ ಅದು ಅವ್ವನ ದನಿಯೆಂದು ತಿಳಿಯುತ್ತದೆ. ಆಕೆ ಆಡಿದ ಮಾತಿನ ಅರ್ಥ ಮಾತ್ರ ಹತ್ತಿರ ಸುಳಿಯುವುದಿಲ್ಲ. ನಾನು ಏನೋ ಉತ್ತರ ಕೊಡುತ್ತೇನಂತೆ. ಅದು ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರವಂತೆ. ಅಲ್ಲಿಂದ ಮುಂದೆ ನನಗೆ ನೆನಪಿಲ್ಲ.

ಹಿರಿಯರು: ಎಚ್ಚರ ಬಂದ ಮೇಲೆ?

ತರುಣ: ಎಚ್ಚರ ಒಮ್ಮೆಗೇ ಬರುವುದಿಲ್ಲ. ಮನೆಯೊಳಗಿನ ಟಿ.ವಿ., ಅಡುಗೆಮನೆಯ ಮಿಕ್ಸಿ, ಬೀದಿಯಲ್ಲಿ ಹೋಗುವ ಆಟೋ, ಅಕ್ಕನ ಮಗುವಿನ ಅಳು, ಎಲ್ಲವೂ ಒಂದೇ ಎತ್ತರದಲ್ಲಿ ಕೇಳುತ್ತವೆ. ಯಾವುದಕ್ಕೆ ಕಿವಿಗೊಡಬೇಕು, ಯಾವುದನ್ನು ಬಿಡಬೇಕು ಎಂಬ ವಿಂಗಡಣೆ ನನ್ನ ಕೈಯಲ್ಲಿ ಇರುವುದಿಲ್ಲ. ಆಗ ಯಾರಾದರೂ ‘ಯಾಕೋ, ಏನಾಯ್ತೋ’ ಎಂದು ಮೇಲಿಂದ ಮೇಲೆ ಕೇಳಿದರೆ ಅಳು ಬರುತ್ತದೆ.

ಹಿರಿಯರು: ನೀನು ಹೇಳಿದ ವಿಂಗಡಣೆಯೇ ಮನಸ್ಸೆಂಬುದರ ಅತ್ಯಂತ ದೊಡ್ಡ, ಅತ್ಯಂತ ಮೌನವಾದ ಕೆಲಸವೆಂದು ನನಗೆ ತೋರುತ್ತದೆ. ನಾವು ಇಲ್ಲಿ ಕುಳಿತು ಮಾತನಾಡುತ್ತಿರುವಾಗ ನಮ್ಮ ಕಿವಿಗೆ ಬೀಳುತ್ತಿರುವ ಶಬ್ದಗಳಲ್ಲಿ, ಕಣ್ಣಿಗೆ ತಾಗುತ್ತಿರುವ ರೂಪಗಳಲ್ಲಿ, ಮೈಗೆ ತಟ್ಟುತ್ತಿರುವ ಸ್ಪರ್ಶಗಳಲ್ಲಿ ಬಹುಪಾಲನ್ನು ಮಿದುಳು ನಮ್ಮ ಅಪ್ಪಣೆಯನ್ನು ಕೇಳದೆ ಹಿಂದಕ್ಕೆ ಸರಿಸಿ, ಬೇಕಾದ ಕೆಲವನ್ನು ಮಾತ್ರ ಮುಂದಕ್ಕೆ ತಂದಿರಿಸುತ್ತಿರುವುದರಿಂದಲೇ ನಾವು ಶಾಂತಚಿತ್ತರೆಂದು ಎಣಿಸಿಕೊಂಡಿದ್ದೇವೆ. ಆ ವ್ಯವಸ್ಥೆ ಕದಡಿದವನು ದುರ್ಬಲನಲ್ಲ. ಎಲ್ಲರಲ್ಲಿಯೂ ನಡೆಯುತ್ತಿರುವ ಕೆಲಸವೊಂದು ತನ್ನಲ್ಲಿ ನಿಂತುದರಿಂದ, ಅದು ಇತ್ತೆಂಬುದನ್ನು ಅರಿತವನು. ಇನ್ನೊಂದನ್ನು ಹೇಳು: ಕೆರೆಯಲ್ಲೋ ಕಾವೇರಿಯಲ್ಲೋ ಮುಳುಗಿದಾಗ ಹೀಗೆ ಆಗಿದೆಯೆ?

ತರುಣ: ಇಲ್ಲ. ತಣ್ಣೀರಿನಲ್ಲಿ ಒಮ್ಮೆಯೂ ಇಲ್ಲ. ಬಿಸಿನೀರನ್ನು ಬರಿಯ ಮೈಗೆ ಹಾಕಿಕೊಂಡರೂ ಇಲ್ಲ. ತಲೆಯ ಮೇಲೆ, ಬಿಸಿಯಾಗಿ, ಬೇಗ ಬೇಗನೆ ಹಾಕಿದರೆ ಮಾತ್ರ.

ಹಿರಿಯರು: ಹಾಗಾದರೆ ನೀನು ಅರಿಯದೆಯೇ ಒಂದು ಪರೀಕ್ಷೆಯನ್ನು ನಡೆಸಿದ್ದೀಯೆ, ವೈದ್ಯಶಾಸ್ತ್ರವೂ ಇದೇ ದಾರಿಯಲ್ಲಿ ನಡೆದುಬಂದಿದೆ. ನಾನು ವೈದ್ಯನಲ್ಲ; ನಿನ್ನದು ಇದೇ ಎಂದು ಸಾರುವ ಅಧಿಕಾರ ನನಗಿಲ್ಲ. ಆದರೆ ಓದಿದ್ದನ್ನು ಹೇಳಬಲ್ಲೆ. ಬಿಸಿನೀರಿನ ಸ್ನಾನದಿಂದ ಪ್ರಚೋದಿತವಾಗುವ ಒಂದು ಬಗೆಯ ಅಪಸ್ಮಾರ, ಎಂದರೆ ಮೂರ್ಛೆರೋಗ, ಉಂಟು. ಅದನ್ನು 1945ರಲ್ಲಿ ನ್ಯೂಜಿಲೆಂಡಿನ ಅಲೆನ್ ಎಂಬ ವೈದ್ಯರು ಮೊದಲಿಗೆ ವರದಿ ಮಾಡಿದರು. ಬಹುಕಾಲ ಅದು ಜಗತ್ತಿನ ಅಪೂರ್ವ ವಿಚಿತ್ರಗಳಲ್ಲಿ ಒಂದಾಗಿಯೇ ಉಳಿಯಿತು. ಬಳಿಕ 1968ರಲ್ಲಿ ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ನಮ್ಮ ಸೀಮೆಯ ರೋಗಿಗಳನ್ನು ಕುರಿತು ಬರೆದಾಗ, ಬೇರೆಡೆ ಅಪೂರ್ವವಾದದ್ದು ಇಲ್ಲಿ ಸಾಕಷ್ಟು ಸಾಮಾನ್ಯವೆಂಬುದು ಕಂಡುಬಂತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮೊದಲಾದವರು 279 ಮಂದಿಯ ವೃತ್ತಾಂತವನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಅವರು ಬರೆದ ಲಕ್ಷಣಗಳನ್ನು ಕೇಳು: ಮಂಕು ಬಡಿದಂಥ ನೋಟ, ಭಯ, ಸಂಬಂಧವಿಲ್ಲದ ಮಾತು, ತಲೆ ಸುತ್ತು, ಇಲ್ಲದ್ದನ್ನು ಕಾಣುವುದು, ಇಲ್ಲದ್ದನ್ನು ಕೇಳುವುದು, ಅರಿವಿಲ್ಲದೆ ಕೈಕಾಲುಗಳು ಏನನ್ನೋ ಮಾಡುತ್ತಿರುವುದು. ಕೈಕಾಲು ಸೆಟೆದು ನೆಲಕ್ಕೆ ಬೀಳುವವರೂ ಉಂಟು. ಆದರೆ ಹೆಚ್ಚಿನವರಲ್ಲಿ ಆರಂಭವಾಗುವುದು ಈ ಗೊಂದಲದಿಂದಲೇ.

ತರುಣ: ಇದು ನನ್ನನ್ನೇ ನೋಡಿ ಬರೆದಂತಿದೆ! ನಾನು ಫಿಟ್ಸ್ ಎಂದರೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ ಬರುವುದು ಎಂದೇ ತಿಳಿದಿದ್ದೆ.

ಹಿರಿಯರು: ಊರಿನ ಜನವೂ ಹಾಗೆಯೇ ತಿಳಿದಿದ್ದಾರೆ, ಆದ್ದರಿಂದಲೇ ಬೀಳದವನ ಬಾಧೆ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಹತ್ತಿರದ ಸಂಗತಿಯೊಂದಿದೆ. ಯಳಂದೂರು ಇಲ್ಲಿಂದ ದೂರವೇನಲ್ಲ. ಡಾ. ಮಣಿ ಮತ್ತು ಅವರ ಸಹೋದ್ಯೋಗಿಗಳು ಆ ತಾಲ್ಲೂಕಿನ ಹಳ್ಳಿಗಳಲ್ಲಿ ಮನೆಮನೆಯ ಪರಿಶೀಲನೆ ನಡೆಸಿ, ಸುಮಾರು 65,000 ಜನರಲ್ಲಿ ಮೂರ್ಛೆರೋಗವುಳ್ಳವರನ್ನು ಗುರುತಿಸಿದರು. 1998ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಹಾಗೆ ಗುರುತಿಸಿದ ರೋಗಿಗಳಲ್ಲಿ ನೂರಕ್ಕೆ ಸುಮಾರು 7 ಮಂದಿಯದು ಬಿಸಿನೀರಿನಿಂದ ಬರುವ ಬಗೆಯದಾಗಿತ್ತು. ಹೊರದೇಶದ ವೈದ್ಯನೊಬ್ಬ ತನ್ನ ಇಡೀ ವೃತ್ತಿಜೀವನದಲ್ಲಿ ಕಾಣದೆ ಹೋಗಬಹುದಾದ ಬಾಧೆ ನಮ್ಮ ನೆರೆಯ ತಾಲ್ಲೂಕಿನ ಬೀದಿಬೀದಿಗಳಲ್ಲಿತ್ತು. ಆದರೆ ಅದನ್ನು ಅನುಭವಿಸಿದ ಪ್ರತಿಯೊಬ್ಬನೂ ಪ್ರಾಯಶಃ ನಿನ್ನಂತೆಯೇ, ಲೋಕದಲ್ಲಿ ತಾನೊಬ್ಬನೇ ಎಂದುಕೊಂಡಿದ್ದಿರಬೇಕು.

ತರುಣ: ಒಬ್ಬನೇ ಎಂದುಕೊಂಡೇ ಇಷ್ಟು ವರ್ಷ ಕಳೆದೆ. ಆದರೆ ನಮ್ಮಲ್ಲಿಯೇ ಇದು ಹೆಚ್ಚಾಗಲು ಕಾರಣವೇನು?

ಹಿರಿಯರು: ಒಂದು ಕಾರಣ ನಮ್ಮ ಸ್ನಾನದ ಪದ್ಧತಿಯಲ್ಲಿಯೇ ಇದೆ. ನಾವು ದಿನವೂ ಮೈಗೆ ನೀರು ಹಾಕಿಕೊಂಡರೂ, ತಲೆಗೆ ಹಾಕಿಕೊಳ್ಳುವುದು ಕೆಲವು ದಿನಗಳಿಗೊಮ್ಮೆ. ಹಾಕಿಕೊಂಡಾಗ ನಲವತ್ತರಿಂದ ಐವತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು, ಎಂದರೆ ಮೈಯ ಕಾವಿಗಿಂತ ಹೆಚ್ಚು ಬಿಸಿಯಾದ ನೀರನ್ನು ಚೊಂಬಿನಿಂದ ಎಡೆಬಿಡದೆ ಸುರಿಯುತ್ತೇವೆ. ದೇಹದ ಕಾವನ್ನು ಹತೋಟಿಯಲ್ಲಿಡುವ ಕೇಂದ್ರವೊಂದು ಮಿದುಳಿನಲ್ಲಿದೆ. ಈ ಬಗೆಯ ರೋಗಿಗಳಲ್ಲಿ ಅದು ತಲೆಯ ಕಾವು ಥಟ್ಟನೆ ಏರುವುದನ್ನು ತಾಳಲಾರದಷ್ಟು ಸೂಕ್ಷ್ಮವಾಗಿರುತ್ತದೆಂಬುದು ತಜ್ಞರ ಊಹೆ. ಆದರೆ ಈ ಸೀಮೆಯಲ್ಲಿ ಎಲ್ಲರೂ ಹೀಗೆಯೇ ಮೀಯುತ್ತಾರೆ, ಎಲ್ಲರಿಗೂ ಹೀಗಾಗುವುದಿಲ್ಲ. ಆದ್ದರಿಂದ ಎರಡನೆಯ ಕಾರಣವನ್ನು ವಂಶದಲ್ಲಿ ಹುಡುಕಬೇಕಾಯಿತು. ಕೆಲವು ಕುಟುಂಬಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬಂದಿರುವುದನ್ನು ಕಂಡು, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನಿಮ್ಹಾನ್ಸ್‌ನೊಡನೆ ಸೇರಿ, ಇದಕ್ಕೆ ಸಂಬಂಧಿಸಿದ ಭಾಗಗಳನ್ನು ನಾಲ್ಕನೆಯ ಮತ್ತು ಹತ್ತನೆಯ ವರ್ಣತಂತುಗಳಲ್ಲಿ ಗುರುತಿಸಿದ್ದಾರೆ. ಪದ್ಧತಿ ಕಿಡಿ, ವಂಶ ಇಂಧನ. ಎರಡೂ ಸೇರಿದಲ್ಲಿ ಬಾಧೆ ಹೊತ್ತಿಕೊಳ್ಳುತ್ತದೆ.

ತರುಣ: ವಂಶವೆಂದರೆ ನಮ್ಮ ರಕ್ತದಲ್ಲಿಯೇ ದೋಷವಿದೆಯೆಂದಾಯಿತಲ್ಲವೆ?

ಹಿರಿಯರು: ದೋಷವೆಂಬ ಮಾತನ್ನು ಬಿಡು. ನಿನ್ನ ಹುಳುಮನೆಯನ್ನೇ ನೋಡು. ಮೂರನೆಯ ಜ್ವರದಿಂದ, ಎಂದರೆ ಮೂರನೆಯ ಸಲ ಪೊರೆ ಕಳಚಿ, ಎದ್ದ ಹುಳುವಿಗೆ ಕೋಣೆಯ ಕಾವು ತುಸು ಏರಿದರೂ, ಗಾಳಿ ತುಸು ಕೆಟ್ಟರೂ ಸಹಿಸದು. ನಿನಗೆ ತಿಳಿಯದ ವ್ಯತ್ಯಾಸ ಅದಕ್ಕೆ ತಿಳಿಯುತ್ತದೆ. ಅದಕ್ಕಾಗಿ ನೀನು ಹುಳುವನ್ನು ನಿಂದಿಸುವುದಿಲ್ಲ. ಕಿಟಕಿ ತೆರೆಯುತ್ತೀಯೆ, ಗೋಣಿತಾಟನ್ನು ಒದ್ದೆಮಾಡಿ ತೂಗುಹಾಕುತ್ತೀಯೆ. ಮನುಷ್ಯನ ವಿಷಯದಲ್ಲಿಯೂ ನಮಗೆ ಇಷ್ಟೇ ವಿವೇಕ ಸಾಕು.

ತರುಣ: ಆದರೆ ಪರೀಕ್ಷೆಯ ಕಾಗದ ಹಾಗೆನ್ನಲಿಲ್ಲ. ಒಂದು ಕಡೆ ತಲೆಗೆ ತಂತಿಗಳನ್ನು ಅಂಟಿಸಿ ಇ.ಇ.ಜಿ. ತೆಗೆದರು, ಎಲ್ಲವೂ ಸರಿಯಾಗಿದೆ, ಸುಮ್ಮನೆ ಯೋಚನೆ ಹಚ್ಚಿಕೊಳ್ಳಬೇಡ ಎಂದು ಕಳುಹಿಸಿದರು. ಅಂದಿನಿಂದ ಮನೆಯಲ್ಲಿ ನನ್ನ ಮಾತಿಗಿದ್ದ ಸ್ವಲ್ಪ ಬೆಲೆಯೂ ಹೋಯಿತು.

ಹಿರಿಯರು: ಕಾಗದ ಸುಳ್ಳು ಹೇಳಲಿಲ್ಲ, ಅದನ್ನು ಕೇಳಿದ ಪ್ರಶ್ನೆ ಸಾಲದಾಗಿತ್ತು. ಮಿದುಳಿನ ವಿದ್ಯುತ್ತರಂಗಗಳನ್ನು ಬರೆದಿಡುವ ವಿಧಾನವನ್ನು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದಂದಿನಿಂದ ಅದು ಎಷ್ಟೋ ಉಪಕಾರ ಮಾಡಿದೆ. ಆದರೆ ಆ ಯಂತ್ರ ಬರೆಯುವುದು ತಾನು ನೋಡುತ್ತಿರುವ ಹೊತ್ತಿನಲ್ಲಿ ನಡೆದುದನ್ನು ಮಾತ್ರ. ಬಿಸಿನೀರಿನ ಅಪಸ್ಮಾರದಲ್ಲಿ, ಆಘಾತವಿಲ್ಲದ ಹೊತ್ತಿನಲ್ಲಿ ತೆಗೆದ ಇ.ಇ.ಜಿ. ಬಹುಮಂದಿಯಲ್ಲಿ ಸಹಜವಾಗಿಯೇ ಇರುತ್ತದೆ. ಆದ್ದರಿಂದ ಇಲ್ಲಿ ವೈದ್ಯನಿಗೆ ಮುಖ್ಯವಾದ ಆಧಾರ ಯಂತ್ರವಲ್ಲ, ವೃತ್ತಾಂತ; ಹೇಗೆ ಆರಂಭವಾಯಿತು, ಯಾವ ನೀರಿನಿಂದ, ಏನು ಮಾಡಿದ, ಎಷ್ಟು ಹೊತ್ತಿಗೆ ತಿಳಿವು ಬಂತು ಎಂಬ ವಿವರ. ತಲೆಗೆ ನೀರು ಹಾಕಿಕೊಂಡಾಗ ಮಾತ್ರ ಆಗುತ್ತದೆಂಬ ಮಾತನ್ನು ನೀನು ಅಲ್ಲಿ ಹೇಳಿದೆಯೆ?

ತರುಣ: ಹೇಳಲಿಲ್ಲ. ಸ್ನಾನದ ಸಂಗತಿ ಏನು ಹೇಳುವುದೆಂದು ಸಂಕೋಚವಾಯಿತು, ಅವರೂ ಕೇಳಲಿಲ್ಲ. ಸಂಕೋಚಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ. ಆ ಭಯ ಆರಂಭವಾಗುವ ಹೊತ್ತಿಗೆ ನೀರನ್ನು ನಿಲ್ಲಿಸಬೇಕೆಂದು ಬುದ್ಧಿ ಹೇಳುತ್ತದೆ; ಕೈ ಮಾತ್ರ ಇನ್ನೂ ಇನ್ನೂ ಸುರಿದುಕೊಳ್ಳುತ್ತದೆ. ಅದರಲ್ಲಿ ಒಂದು ಬಗೆಯ ಸುಖವಿರುತ್ತದೆ. ಅವ್ವ ಚೊಂಬನ್ನು ಕಸಿದುಕೊಂಡದ್ದುಂಟು. ಹೀಗಿರುವಾಗ ಇದನ್ನು ನಾನೇ ತಂದುಕೊಳ್ಳುತ್ತಿದ್ದೇನೆಂದಲ್ಲವೆ ಅರ್ಥ?

ಹಿರಿಯರು: ಅಲ್ಲ. ಈ ಮಾತನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಅದು ನಿನ್ನ ವಿರುದ್ಧದ ಸಾಕ್ಷ್ಯವಲ್ಲ, ನಿನ್ನ ಪರವಾದ ಸಾಕ್ಷ್ಯ. ಕೆಲವು ರೋಗಿಗಳು ಹೀಗೆಯೇ ತಡೆಯಲಾರದ ಒತ್ತಾಯದಿಂದ, ಒಂದು ಬಗೆಯ ಹಿತವನ್ನು ಅನುಭವಿಸುತ್ತ ನೀರನ್ನು ಸುರಿದುಕೊಳ್ಳುತ್ತಲೇ ಹೋಗುತ್ತಾರೆಂದು ವೈದ್ಯರು ದಾಖಲಿಸಿದ್ದಾರೆ. ಮನಸ್ಸು ಕದಡಿದ ಮೇಲೆ ನಡೆಯುವ ಕ್ರಿಯೆ, ಇಚ್ಛೆಯಂತೆ ಕಂಡರೂ, ಕದಡಿಕೆಯ ಭಾಗವೇ ಆಗಿರಬಹುದು. ನೀನು ಯಾವುದನ್ನು ಅಪರಾಧವೆಂದು ಬಚ್ಚಿಟ್ಟೆಯೋ ಅದು ಒಂದು ಲಕ್ಷಣ. ಕೇಳಿದ ವೈದ್ಯನಿಗೆ ದಾರಿ ತೋರಿಸಬಲ್ಲ ಲಕ್ಷಣ.

ತರುಣ: ನಮ್ಮ ಮನೆಯಲ್ಲಿ ಇದಕ್ಕೆ ಗಾಳಿ ಎಂದರು, ತಾಯಿತ ಕಟ್ಟಿಸಿದರು. ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತು ಕಾಲ್ನಡೆಯಲ್ಲಿ ಹೋಗಿಬಂದೆವು. ಅದೆಲ್ಲ ಅಜ್ಞಾನವೆಂದು ಹೇಳುವಿರಾ?

ಹಿರಿಯರು: ಹಾಗೆ ಹೇಳಲು ನನ್ನ ನಾಲಿಗೆ ಬಾರದು. ‘ಉಘೇ ಮಾದಪ್ಪ’ ಎಂದು ಕೂಗುತ್ತ ಏಳು ಬೆಟ್ಟಗಳ ದಾರಿಯಲ್ಲಿ ನಡೆದ ನಿನ್ನ ಅವ್ವ, ತನ್ನ ಮಗನ ಸಂಕಟ ನಿಜವೆಂದು ನಂಬಿದ್ದರಿಂದ ನಡೆದಳು. ಕಾಗದವನ್ನು ನೋಡಿ ಏನೂ ಇಲ್ಲವೆಂದವರಿಗಿಂತ ಆಕೆ ಸತ್ಯಕ್ಕೆ ಹತ್ತಿರವಿದ್ದಳು. ಭಕ್ತಿಗೂ ಔಷಧಕ್ಕೂ ವಿರೋಧವಿಲ್ಲ. ನಮ್ಮ ಪ್ರಾಚೀನರೂ ವಿರೋಧವನ್ನು ಎಣಿಸಲಿಲ್ಲ. ಚರಕ ಸಂಹಿತೆ ಅಪಸ್ಮಾರವನ್ನು ವಾತ, ಪಿತ್ತ, ಕಫಗಳ ವಿಕಾರವಾಗಿ ವಿಂಗಡಿಸಿ, ಅದರ ನಿದಾನಕ್ಕೂ ಚಿಕಿತ್ಸೆಗೂ ಬೇರೆ ಬೇರೆ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಹರಕೆಯಿಂದ ಮನಸ್ಸಿಗೆ ಧೈರ್ಯ ಬರಲಿ. ಆದರೆ ಗಾಳಿಯೆಂದು ಹೊಡೆಯುವುದು, ಹೊಗೆ ಹಾಕುವುದು, ಬರೆ ಎಳೆಯುವುದು, ಇವು ಭಕ್ತಿಯಲ್ಲ, ಹಿಂಸೆ. ಎಚ್ಚರ ತಪ್ಪಿದವನ ಕೈಗೆ ಬೀಗದ ಕೈ ಕೊಡುವುದು ನಿರುಪದ್ರವಿಯಾದರೂ ನಿಷ್ಪ್ರಯೋಜಕ. ಬಾಯಿಗೆ ಚಮಚವನ್ನೋ ನೀರನ್ನೋ ತುರುಕುವುದು ಪ್ರಾಣಾಪಾಯ. ಪಕ್ಕಕ್ಕೆ ಹೊರಳಿಸಿ, ಪೆಟ್ಟಾಗದಂತೆ ನೋಡಿಕೊಂಡು, ಜೊತೆಯಲ್ಲಿ ಕುಳಿತಿದ್ದರೆ ಸಾಕು. ಸೆಟೆತ ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ತರುಣ: ಹಾಗಾದರೆ ನಾನು ಮುಂದೆ ಹೇಗಿರಬೇಕು?

ಹಿರಿಯರು: ಈ ಬಾಧೆಯ ಒಂದು ಸೌಲಭ್ಯವೆಂದರೆ, ಅದು ಬರುವ ಬಾಗಿಲು ನಿನಗೆ ತಿಳಿದಿದೆ. ನೀರನ್ನು ಉಗುರುಬೆಚ್ಚಗೆ ಮಾಡಿಕೊ. ಸುರಿಯುವ ಬದಲು ಒದ್ದೆ ಬಟ್ಟೆಯಿಂದ ತಲೆಯನ್ನು ಒರೆಸಿಕೊ, ಇಲ್ಲವೆ ನಿಧಾನವಾಗಿ ಹಾಕಿಕೊ. ಒಲೆಯ ಮೇಲೆ ಕುದಿಯುವ ಹಂಡೆಯ ಪಕ್ಕದಲ್ಲಿ ಕೂರಬೇಡ, ಬಚ್ಚಲಿನ ಚಿಲಕ ಹಾಕಬೇಡ, ಹತ್ತಿರ ಒಬ್ಬರಿರಲಿ. ಕೆಲವರಿಗೆ ಇಷ್ಟರಿಂದಲೇ ನಿಂತುಹೋಗುತ್ತದೆ. ನಿಲ್ಲದವರಿಗೆ, ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಮಾತ್ರ ನುಂಗುವ ಕ್ಲೋಬಜಾಮ್ ಎಂಬ ಮಾತ್ರೆಯನ್ನು ವೈದ್ಯರು ಗೊತ್ತುಮಾಡುವುದುಂಟು. ಇನ್ನು ಕೆಲವರಲ್ಲಿ ವರ್ಷಗಳು ಕಳೆದಂತೆ ನೀರಿನ ಸಂಬಂಧವಿಲ್ಲದೆಯೂ ಆಘಾತಗಳು ಬರತೊಡಗುತ್ತವೆ. ಅವರಿಗೆ ದಿನವೂ ಔಷಧ ಬೇಕಾಗುತ್ತದೆ. ಆದ್ದರಿಂದ ನೀನು ಬೈಕು ಓಡಿಸುವ ಮಾತನ್ನೂ ಸೇರಿಸಿ ನರರೋಗತಜ್ಞರೊಡನೆ ವಿಚಾರಿಸಲೇಬೇಕು. ಔಷಧವೆಂದರೆ ಹೆದರಬೇಡ, ಅದೇ ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಳಿಂದಲೇ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿದ ವರದಿ 2001ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ತರುಣ: ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿದೆ, ಮೇಷ್ಟ್ರೇ. ಇದಕ್ಕೆ ಹೆಸರು ಬಂದರೆ ಸಂಬಂಧ ತಪ್ಪುತ್ತದೆ. ಹೆಸರಿಲ್ಲದಿದ್ದರೆ ಮುಚ್ಚಿಡಬಹುದು ಎಂಬುದು ದೊಡ್ಡಪ್ಪನ ಅಭಿಪ್ರಾಯ.

ಹಿರಿಯರು: ಈ ದೇಶದ ಕಾನೂನೇ ಬಹುಕಾಲ ನಿನ್ನ ದೊಡ್ಡಪ್ಪನ ಭಯವನ್ನು ಸಮರ್ಥಿಸುವಂತಿತ್ತು. ಹಿಂದೂ ವಿವಾಹ ಕಾಯಿದೆಯಲ್ಲಿ, ಪದೇ ಪದೇ ಬರುವ ಮೂರ್ಛೆರೋಗವನ್ನೂ ಮದುವೆಗೆ ಅಡ್ಡಿಯಾದ ಸಂಗತಿಗಳ ಸಾಲಿನಲ್ಲಿ ಸೇರಿಸಿದ್ದರು. 1999ರ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಕಾನೂನು ಬಿಟ್ಟ ಕಳಂಕವನ್ನು ಊರು ಇನ್ನೂ ಹಿಡಿದುಕೊಂಡಿದೆ. ಆದರೂ ಮುಚ್ಚಿಡಬೇಡ, ಬಚ್ಚಲಿನಲ್ಲಿ ನಿನ್ನ ಕೈಯಿಂದ ಚೊಂಬನ್ನು ತೆಗೆದುಕೊಳ್ಳಬೇಕಾದವಳಿಗೆ ಏನು ನಡೆಯುತ್ತಿದೆಯೆಂದು ತಿಳಿಯದಿದ್ದರೆ, ಅದು ಆಕೆಗೂ ಭಯ, ನಿನಗೂ ಅಪಾಯ. ಕೇಳಿದ ಮೇಲೂ ಒಪ್ಪುವವಳು ದೊರೆತರೆ, ನಿನ್ನ ಮನೆ ಸತ್ಯದ ಮೇಲೆ ನಿಂತಂತಾಗುತ್ತದೆ.

ತರುಣ: ತಾವು ಹೇಳಿದ್ದೆಲ್ಲ ನನಗೆ ಬೆಳಕು ಕೊಟ್ಟಿದೆ. ಆದರೂ ಒಂದು ತೊಡಕು ಉಳಿಯುತ್ತದೆ. ವೈದ್ಯನಿಗೆ ವೃತ್ತಾಂತ ಬೇಕೆನ್ನುತ್ತೀರಿ. ಆರಂಭವನ್ನು ನಾನು ಹೇಳಬಲ್ಲೆ, ಕೊನೆಯನ್ನೂ ಹೇಳಬಲ್ಲೆ. ನಡುವೆ ನಾನು ಏನು ಮಾಡಿದೆನೆಂಬುದು ನನಗೆ ತಿಳಿಯದು. ಆ ಹೊತ್ತಿಗೆ ನಾನೇ ನನಗೆ ಸಾಕ್ಷಿಯಲ್ಲ.

ಹಿರಿಯರು: ಈ ಬಾಧೆಯ ತಿರುಳೇ ಅದು. ಮಿಕ್ಕ ರೋಗಗಳಲ್ಲಿ ರೋಗಿಯ ಮಾತೊಂದೇ ಸಾಕಾಗಬಹುದು, ಇಲ್ಲವೆ ವೈದ್ಯನ ಕಣ್ಣೊಂದೇ ಸಾಕಾಗಬಹುದು. ಇದರಲ್ಲಿ ಒಳಗಿನವನೊಬ್ಬ, ಹೊರಗಿನವರೊಬ್ಬರು, ಇಬ್ಬರ ಮಾತೂ ಕೂಡಿದಲ್ಲದೆ ಸತ್ಯ ಪೂರ್ಣವಾಗುವುದಿಲ್ಲ. ಭಯವನ್ನೂ ಆ ವಿಲಕ್ಷಣವಾದ ಸುಖವನ್ನೂ ನೀನಲ್ಲದೆ ಬೇರೆ ಯಾರೂ ಹೇಳಲಾರರು. ಮಂಕಾದ ನೋಟವನ್ನೂ ಅಸಂಬದ್ಧವಾದ ಮಾತನ್ನೂ ನೋಡಿದವರಲ್ಲದೆ ನೀನು ಹೇಳಲಾರೆ. ನಿನ್ನ ಮಾತನ್ನು ನಂಬದವನು ಅರ್ಧ ಸತ್ಯವನ್ನು ಕಳೆದ. ನೋಡಿದವರನ್ನು ಕೇಳದವನು ಇನ್ನರ್ಧವನ್ನು ಕಳೆದ. ಆ 279 ಮಂದಿಯ ವೃತ್ತಾಂತವೂ ಹೀಗೆ ಎರಡೆರಡು ಬಾಯಿಗಳಿಂದ ಬಂದ ಮಾತುಗಳಿಂದಲೇ ಕಟ್ಟಿದ್ದಾಗಿರಬೇಕು. ನಿನ್ನ ಮನೆಯಲ್ಲಿ ನೋಡಿದವರು ಯಾರು?

ತರುಣ: ಅವ್ವ. ನಾನು ಚಿಕ್ಕವನಾಗಿದ್ದಾಗ ನೀರು ಹಾಕುತ್ತಿದ್ದವಳು ಆಕೆಯೇ. ಆದರೆ ಆಕೆ ಇದರ ಮಾತೆತ್ತಿದರೆ ಎದ್ದುಹೋಗುತ್ತಾಳೆ. ತಾನು ಬಿಸಿನೀರು ಹೆಚ್ಚು ಹಾಕಿ ಮಗನ ತಲೆ ಕೆಡಿಸಿದೆನೆಂದು ಒಮ್ಮೆ ಅತ್ತದ್ದನ್ನು ಕೇಳಿದ್ದೇನೆ.

ಹಿರಿಯರು: ಹಾಗಿದ್ದರೆ ನಿನಗಿಂತ ಮುಂಚೆ ಆಕೆಗೆ ಬಿಡುಗಡೆಯಾಗಬೇಕು. ಈ ಸೀಮೆಯ ತಾಯಂದಿರೆಲ್ಲ ಪ್ರೀತಿಯಿಂದ ಮಾಡುವುದನ್ನೇ ಆಕೆಯೂ ಮಾಡಿದಳು. ಯಾವ ಚೊಂಬಿನಿಂದಲೂ ಆಕೆ ಈ ರೋಗವನ್ನು ಹುಟ್ಟಿಸಲಿಲ್ಲ, ಇದ್ದುದನ್ನು ಎಲ್ಲರಿಗಿಂತ ಮೊದಲು ಕಂಡಳು. ಇಷ್ಟನ್ನು ಈ ಸಂಜೆಯೇ ಆಕೆಗೆ ಹೇಳು. ಮೈಸೂರಿಗೋ ಬೆಂಗಳೂರಿಗೋ ವೈದ್ಯರ ಬಳಿಗೆ ಹೋಗುವಾಗ ಆಕೆಯನ್ನು ಜೊತೆಗೆ ಕರೆದುಕೊಂಡು ಹೋಗು; ಒಳಗೆ ಕರೆದಾಗ ಹೊರಗಿನ ಬೆಂಚಿನಲ್ಲಿ ಕೂರಿಸಿ ಹೋಗಬೇಡ.

ತರುಣ: ಹೇಳುತ್ತೇನೆ, ಮೇಷ್ಟ್ರೇ. ಒಳಗೆ ಹೋದ ಮೇಲೆ ಮೊದಲು ಆಕೆಯೇ ಮಾತಾಡಲಿ ಎಂದು ಡಾಕ್ಟರನ್ನು ಕೇಳಿಕೊಳ್ಳುತ್ತೇನೆ. ಆಮೇಲೆ ನನ್ನ ಪಾಲಿನದನ್ನು, ಆ ಸುಖದ ಮಾತನ್ನೂ ಬಿಡದೆ, ನಾನು ಹೇಳುತ್ತೇನೆ.